ನೆಲದಿಂದ ಏಳುವುದು

ತಾರಸಿಯ ಬಾಗಿಲು ತಳ್ಳಿದ ಕೂಡಲೇ ಶಾದ್ಲಿಯಾಳ ಕಣ್ಣಿಗೆ ಬಿದ್ದದ್ದು ಆ ಕುರ್ಚಿ. ಬಿಳಿ ಪ್ಲಾಸ್ಟಿಕ್ಕಿನದು, ಕೈಗಳಿರುವಂಥದ್ದು. ಚೌಕದ ಕಾಫಿ ಅಂಗಡಿಯದೇ ಇರಬೇಕು, ಬೆನ್ನಿನ ಹತ್ತಿರ ಯಾರೋ ಸಿಗರೇಟು ಆರಿಸಿದ ಕಂದು ಕಲೆ ಇತ್ತು. ಅದನ್ನು ಮೆಟ್ಟಿಲ ಗೋಡೆಯ ನೆರಳಿಗೆ ಒತ್ತಿ ಇಟ್ಟು, ಮೇಲೆ ಅವಳದೇ ಮದುವೆಯ ಕಸೂತಿ ದಿಂಬನ್ನು ಹಾಕಿದ್ದರು. ತಾರಸಿಯ ಉಳಿದ ಭಾಗವೆಲ್ಲ ನಿನ್ನೆ ಸಂಜೆ ಅವಳು ಬಿಟ್ಟುಹೋದ ಹಾಗೆಯೇ ಇತ್ತು: ಹೊಸದಾಗಿ ಸುಣ್ಣ ಬಳಿದ ನೆಲ, ಸುತ್ತಿಟ್ಟ ಕುರಿಚರ್ಮಗಳು, ಗೋಡೆಗೆ ಒರಗಿಸಿದ ಮರದ ದೊಡ್ಡ ಹರಿವಾಣಗಳು, ಜರಡಿಗಳು, ರವೆಯ ಚೀಲಗಳು. ಇವತ್ತು ಮಗಳು ಉಮೈಮಾಳ ಮದುವೆಯ ಕುಸ್ಕುಸ್ ಉರುಳಿಸುವ ದಿನ. ಓಣಿಯ ಹೆಂಗಸರೆಲ್ಲ ಬಂದು, ನೆಲದ ಮೇಲೆ ಕಾಲು ಚಾಚಿ ಕೂತು, ರವೆಗೆ ಉಪ್ಪುನೀರು ಚಿಮುಕಿಸಿ, ಅಂಗೈಯಲ್ಲಿ ಉರುಳಿಸಿ ಉರುಳಿಸಿ ಸಣ್ಣ ಕಾಳು ಮಾಡಿ ಬಿಸಿಲಿಗೆ ಹರವುವ ದಿನ. ಮೊದಲ ಹರಿವಾಣ ಮದುವಣಗಿತ್ತಿಯ ತಾಯಿಯದು. ಅವಳು ನೆಲಕ್ಕೆ ಕೂತು ಮೊದಲ ಹಿಡಿ ರವೆ ಹಾಕಬೇಕು, ಆ ಹರಿವಾಣ ಜರಡಿಗೆ ಬೀಳುವ ತನಕ ಏಳಬಾರದು. ಕಡಲ ದಂಡೆಯ ಮಹ್ದಿಯಾದ ಹಳೇ ಊರಿನಲ್ಲಿ ಅದು ಮೊದಲಿನಿಂದಲೂ ಹಾಗೆಯೇ. ಕುರ್ಚಿಯ ಮೇಲೆ ಕೂತು ಕುಸ್ಕುಸ್ ಉರುಳಿಸಿದವರನ್ನು ಶಾದ್ಲಿಯಾ ಹುಟ್ಟಿದಾಗಿನಿಂದ ಕಂಡವಳಲ್ಲ. ಅಂದ ಮೇಲೆ ಆ ಕುರ್ಚಿ ಉರುಳಿಸಲಿಕ್ಕೆ ಇಟ್ಟದ್ದಲ್ಲ, ಕೈಕಟ್ಟಿ ಕೂತು ನೋಡಲಿಕ್ಕೆ ಇಟ್ಟದ್ದು. ಅವಳು ತಾರಸಿಯ ಅಂಚಿಗೆ ಬಂದು ಕೆಳಗೆ ಅಂಗಳಕ್ಕೆ ಇಣುಕಿದಳು. ಗಂಡ ತಿಜಾನಿ ಮೀನಿನ ಬುಟ್ಟಿ ತೊಳೆಯುತ್ತ ಸಿಳ್ಳು ಹಾಕುತ್ತಿದ್ದ.

"ಈ ಕುರ್ಚಿ ಇಲ್ಲಿಗೆ ಹೇಗೆ ಬಂತು?"

"ಯಾವ ಕುರ್ಚಿ?"

"ನಾಲ್ಕು ಕಾಲಿದೆ ಅಂತ ತಾನಾಗೇ ಮೆಟ್ಲು ಹತ್ತಿ ಬಂತಾ?"

ತಿಜಾನಿ ತಲೆ ಎತ್ತಲಿಲ್ಲ. "ಅಕ್ಕ ತಗೊಂಡು ಬಾ ಅಂದ್ಲು, ತಂದೆ. ಅವಳ ಬಾಯಿಗೆ ಸಿಕ್ಕಿಕೊಳ್ಳೋ ಧೈರ್ಯ ನಂಗಿಲ್ಲ. ನಿಂಗಿದ್ರೆ ನೀನೇ ಕೇಳ್ಕೋ. ನಾನಂತೂ ಇನ್ನು ಸಂಜೆ ತನಕ ಈ ಮನೇಲಿ ಇರೋನಲ್ಲ."

ಹೌದು, ಕುಸ್ಕುಸ್ ದಿನ ಗಂಡಸರಿಗೆ ಮನೆಯಲ್ಲಿ ಜಾಗವಿಲ್ಲ. ಅವನು ಬುಟ್ಟಿಯನ್ನು ಬೋರಲು ಹಾಕಿದ. ಕೆಳಗೆ ಇಳಿದ ನೀರಿನಲ್ಲಿ ಮೀನಿನ ಹೊಳಪು ಹೊಳಪಾದ ಹುರುಪೆಗಳು ತೇಲಿದವು, ಆ ವಾಸನೆ ಮೇಲಕ್ಕೆ ಬಂತು, ಅವಳ ಎಡ ಮಣಿಕಟ್ಟು ತಾನಾಗಿ ಸೆರಗಿನೊಳಕ್ಕೆ ಸರಿಯಿತು. ಅವತ್ತೂ ಇದೇ ನೀರು, ಇದೇ ಅಂಗಳ. ಚಳಿಗಾಲದ ಬೆಳಗ್ಗೆ, ನಿಂಬೆಹಣ್ಣಿಗೆಂದು ಒಂದು ಹೆಜ್ಜೆ ಇಟ್ಟಿದ್ದಳು ಅಷ್ಟೇ. ಜಾರಿ ಬಿದ್ದು ಕೈ ಊರಿದಾಗ ಒಣಕಡ್ಡಿ ಮುರಿದಂಥ ಸದ್ದು. ನೋವು ಬರುವುದಕ್ಕೆ ಮೊದಲು ಅವಳಿಗೆ ಬಂದ ಯೋಚನೆ, ಬೆಕ್ಕು ಮೀನಿಗೆ ಬಾಯಿ ಹಾಕುತ್ತದಲ್ಲ ಎಂದು. ಆಮೇಲೆ ಪಟ್ಟಿ, ಆಮೇಲೆ ಮೂಳೆ ಅಳೆಯುವ ಯಂತ್ರ, ಅದರ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದು, ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದಾದ ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು, ಮೂಳೆ ಒಳಗೆ ಜಾಳಾಗಿದೆ ಅಂದದ್ದು. ಜಾಳು. ಹಳೇ ಜಮಖಾನೆಗೆ ಹೇಳುವ ಮಾತು. ಅದನ್ನು ಕೇಳಿಸಿಕೊಳ್ಳಲು ಕೋಣೆಯಲ್ಲಿ ಗಂಡ, ಮಗಳು, ಮನೆಮಂದಿಯೆಲ್ಲ ಮರ್ಯಾದೆಗೆ ಲಲ್ಲಾ ಎನ್ನುವ ಗಂಡನ ಅಕ್ಕ ವಸೀಲಾ ಎಲ್ಲರೂ ಇದ್ದರು. ತನ್ನ ಒಳಉಡುಪನ್ನು ಹಗ್ಗದ ಮೇಲೆ ಎಲ್ಲರೆದುರು ಹರವಿದ ಹಾಗಾಗಿ ಶಾದ್ಲಿಯಾ ನೆಲ ನೋಡಿದ್ದಳು. ವಸಂತಕ್ಕೆಂದು ನಿಶ್ಚಯವಾಗಿದ್ದ ಮದುವೆ ಬೇಸಿಗೆಗೆ ಹೋಯಿತು. ಪರವಾಗಿಲ್ಲ, ಪರವಾಗಿಲ್ಲ ಎಂದು ಬೀಗಿತ್ತಿ ಫೋನಿನಲ್ಲಿ ಅಂದ ರೀತಿ ಇನ್ನೂ ಕಿವಿಯಲ್ಲಿದೆ. ಉಮೈಮಾ ಮಾತ್ರ ತುಟಿ ಬಿಚ್ಚಲಿಲ್ಲ. ತಾಯಿಯ ಅಂಗಿಯ ಗುಂಡಿ ಹಾಕಿದಳು, ಕೂದಲು ಕಟ್ಟಿದಳು, ಮೀನು ಬಿಡಿಸಿ ತಿನ್ನಿಸಿದಳು. ಮಗಳು ಬಾಚಣಿಗೆ ಹಿಡಿದು ಹಿಂದೆ ನಿಂತಾಗಲೆಲ್ಲ ಶಾದ್ಲಿಯಾಗೆ, ಇವಳ ಮದುವೆಗೆ ನಾನೇ ಅಡ್ಡ ಬಿದ್ದೆ, ನಿಜವಾಗಿಯೂ ಅಡ್ಡ ಬಿದ್ದೆ, ಅನ್ನಿಸಿ ಕುತ್ತಿಗೆ ಬಗ್ಗುತ್ತಿತ್ತು. ಪಟ್ಟಿ ಬಿಚ್ಚಿದ ಮೇಲೆ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಹಮ್ಮಾಮಿಗೆ ಹೋದರೆ, ಲಲ್ಲಾ ವಸೀಲಾ ಮೈ ತಿಕ್ಕುವವಳಿಗೆ ಹಬೆಯಾಚೆಯಿಂದ ಕೂಗಿ ಹೇಳಿದ್ದಳು: "ಏ, ಮೆತ್ತಗೆ ತಿಕ್ಕೇ! ನಮ್ಮ ಶಾದ್ಲಿಯಾ ಈಗ ಗಾಜು!" ಹಬೆಯಲ್ಲಿ ಕೂತಿದ್ದ ಬತ್ತಲೆ ಬೆನ್ನುಗಳೆಲ್ಲ ಅವಳ ಕಡೆ ತಿರುಗಿದ್ದವು.

ಪ್ರೀತಿಯಿಂದಲೇ ಅಂದದ್ದು. ಅದೇ ಸಂಕಟ. ಎಲ್ಲರೂ ಪ್ರೀತಿಯಿಂದಲೇ ಅವಳ ಕೈಯಿಂದ ಒಂದೊಂದನ್ನು ಕಿತ್ತುಕೊಂಡರು, ಬಕೆಟ್ಟು, ಬ್ರೆಡ್ಡಿನ ಹಲಗೆ, ಒನಕೆ. ಬೀಳದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಅಂದದ್ದನ್ನು ಮನೆಯವರೆಲ್ಲ ನೆಲಕ್ಕೆ ಕೂರಿಸಬೇಡಿ ಎಂದು ಮಾಡಿಕೊಂಡರು. ಊಟಕ್ಕೆ ಎಲ್ಲರೂ ಕೆಳಗೆ ತಟ್ಟೆಯ ಸುತ್ತ ಕೂತರೆ ಅವಳೊಬ್ಬಳು ಮೇಲೆ, ಎತ್ತರದಲ್ಲಿ, ಬಟ್ಟಲು ಕೈಯಲ್ಲಿ ಹಿಡಿದು. ನಮಾಜಿಗೂ ಸ್ಟೂಲು. ಹಣೆ ನೆಲಕ್ಕೆ ತಾಗಿ ಎಷ್ಟು ದಿನವಾಯಿತು ಎಂಬುದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಆದರೆ ಆ ಡಾಕ್ಟರಮ್ಮ ಬೇರೆಯೂ ಹೇಳಿದ್ದಳು, ಎಲ್ಲರೂ ಹೊರಗೆ ಹೋದ ಮೇಲೆ, ಬಾಗಿಲು ಮುಂದೆ ಮಾಡಿ. "ಮಾತ್ರೆ ಬೇಕಾಗಬಹುದು, ಬೇಡದೆಯೂ ಇರಬಹುದು. ಒಂದು ವರ್ಷ ನೋಡಿ ಮತ್ತೆ ಅಳೆಯೋಣ. ಅಲ್ಲೀತನಕ ಬಿಸಿಲಿಗೆ ಹೋಗಿ, ಮುಖ ಒಂದೇ ಅಲ್ಲ, ಕೈಕಾಲು ಬಿಸಿಲು ಕಾಣ್ಲಿ. ನಡೀರಿ. ಭಾರ ಹೊರದೆ ಇದ್ರೆ ಮೂಳೆ ಸೋಮಾರಿ ಆಗುತ್ತೆ, ಸ್ವಲ್ಪ ಸ್ವಲ್ಪ ಹೊರಿ. ಮೀನು ಮುಳ್ಳಿನ ಸಮೇತ ತಿನ್ನಿ. ಬೆನ್ನು ಮಾತ್ರ ಗೂನು ಮಾಡಿ ಬಗ್ಗಬೇಡಿ, ಸೊಂಟದಿಂದ ಬಗ್ಗಿ." ಆಮೇಲೆ, ತನ್ನಜ್ಜಿಯೂ ಸಾರ್ಡೀನು ಮೀನನ್ನು ಮುಳ್ಳು ಕರಗುವ ಹಾಗೆ ಬೇಯಿಸುತ್ತಿದ್ದಳು, ಹೇಗೆ ಅಂತ ಕೇಳಿಟ್ಟುಕೊಳ್ಳಲಿಲ್ಲ, ನಿಮಗೆ ಗೊತ್ತಾ ಎಂದು ಕೇಳಿದಳು. ಶಾದ್ಲಿಯಾಗೆ ನಗು ಬಂತು. ಮಹ್ದಿಯಾದ ಹೆಂಗಸಿಗೆ ಸಾರ್ಡೀನು ಗೊತ್ತಾ ಅಂತ!

ಅಲ್ಲಿಂದಾಚೆಗೆ ಅವಳಿಗೊಂದು ಗುಟ್ಟಿನ ಬದುಕು ಶುರುವಾಯಿತು. ನಿಜ ಹೇಳಬೇಕೆಂದರೆ ಇಂಥ ಸುಖದ ದಿನಗಳನ್ನು ಅವಳು ಮದುವೆಯಾದ ಮೇಲೆ ಕಂಡಿರಲಿಲ್ಲ. ಮಡಕೆಯಲ್ಲಿ ಟೊಮೆಟೊ, ನಿಂಬೆ, ಜೀರಿಗೆಯ ಜೊತೆ ಸಾರ್ಡೀನು ಸಣ್ಣ ಉರಿಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂರುತ್ತಿತ್ತು, ಮುಳ್ಳು ಬೆಣ್ಣೆಯಾಗುತ್ತಿತ್ತು. ತಿಜಾನಿಯೂ ಹಟ ಹಿಡಿದು ಅವಳ ಜೊತೆ ಮುಳ್ಳಿನ ಸಮೇತ ತಿಂದ. "ನನ್ನ ಮೂಳೆ ಕಬ್ಬಿಣ ಆಗಿ ತುಕ್ಕು ಹಿಡಿದ್ರೆ ನೀನೇ ಎಣ್ಣೆ ಬಿಡ್ಬೇಕು ನೋಡು." ಎದ್ದ ಕೂಡಲೇ ಕಡಲೆ, ಬಾರ್ಲಿ, ಮೆಂತ್ಯ, ಎಳ್ಳು ಹುರಿದು ಬೀಸಿದ ಹುರಿಹಿಟ್ಟನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ಒಂದು ಉಂಡೆ, ಸಂಜೆಗೆ ಎಣ್ಣೆಯಲ್ಲಿ ನೆನೆಸಿದ ಒಣ ಅಂಜೂರ, ಮೇಲೆ ಎಳ್ಳು, ರಾತ್ರಿ ಮಜ್ಜಿಗೆ. ಬೆಳಗ್ಗೆ ಪಕ್ಕದ ಮನೆಯ ನೆಜೀಹಾಳ ಜೊತೆ ಕಡಲ ದಂಡೆಯಲ್ಲಿ ನಾವಿಕರ ಬಿಳಿ ಗೋರಿಗಳ ನಡುವೆ ಹಾದು ದೀಪಸ್ತಂಭದವರೆಗೆ ನಡಿಗೆ, ಕೈಚೀಲಗಳಲ್ಲಿ ನೀರಿನ ಬಾಟಲಿ ತುಂಬಿಕೊಂಡು. ದಾರಿಯುದ್ದಕ್ಕೂ ನೆಜೀಹಾ ಸೊಸೆಯನ್ನು ಬಯ್ಯುತ್ತಿದ್ದಳು, ಗೋರಿಯೊಳಗಿನ ನಾವಿಕರು ಕೇಳಿಸಿಕೊಳ್ಳುತ್ತಿದ್ದರು. ಆದರೆ ಎಲ್ಲಕ್ಕಿಂತ ರುಚಿ ಹತ್ತಿದ್ದು ತಾರಸಿಯ ಬಿಸಿಲು. ಮೊದಲ ದಿನ ತೋಳು ಮೊಣಕೈವರೆಗೆ ಮಡಚಿ ಕೂತಾಗ ಕಳ್ಳತನ ಮಾಡಿದಂತೆ ಸುತ್ತ ನೋಡಿದ್ದಳು. ಆಮೇಲೆ ಭುಜ. ಆಮೇಲೆ, ಸ್ವಲ್ಪ ದಿನ ಬಿಟ್ಟು, ಮೊಣಕಾಲು. ಅರವತ್ತು ದಾಟಿದ ತನ್ನ ಮೀನಖಂಡಗಳನ್ನು ಅವಳು ಅಷ್ಟು ಬೆಳಕಿನಲ್ಲಿ ಎಂದೂ ಕಂಡಿರಲಿಲ್ಲ. ಬಿಳಿಚಿ, ನೀಲಿ ನರ ತುಂಬಿ, ಯಾರದೋ ಕಾಲಿನ ಹಾಗಿದ್ದವು. ಬಿಸಿಲು ಚರ್ಮದೊಳಕ್ಕೆ ಇಳಿಯುವುದು ತಿಳಿಯುತ್ತಿತ್ತು. ನಾಚಿಕೆಯಾಗುತ್ತಿತ್ತು, ಸುಖವೂ ಆಗುತ್ತಿತ್ತು, ಎರಡನ್ನೂ ಬೇರೆ ಮಾಡುವ ಗೋಜಿಗೆ ಅವಳು ಹೋಗಲಿಲ್ಲ. ಪಕ್ಕದ ತಾರಸಿಯಿಂದ ನೆಜೀಹಾ, "ಏನೇ, ಮೆಣಸಿನಕಾಯಿ ಜೊತೆ ನೀನೂ ಒಣಗ್ತಿದ್ದೀಯಾ? ಹಾರ ಪೋಣಿಸಿ ನೇತುಹಾಕ್ಲಾ?" ಎಂದು ಕೂಗಿದ್ದಳು. ಮಾರನೆಯ ದಿನ ಅವಳೂ ತೋಳು ಮಡಚಿಕೊಂಡು ಬಂದಳು.

ನೆಲಕ್ಕೆ ಕೂತು ಏಳುವುದನ್ನು ಮಾತ್ರ ನೆಜೀಹಾಗೂ ಹೇಳಿರಲಿಲ್ಲ. ಅದು ಬಾಗಿಲು ಹಾಕಿದ ಮಲಗುವ ಕೋಣೆಯಲ್ಲಿ, ಮಗಳ ಮದುವೆಯ ಪೆಟ್ಟಿಗೆಯ ಪಕ್ಕ. ಮೊದಲ ಸಲ ಕೂತವಳು ಏಳಲಾಗದೆ, ಬೆಕ್ಕು ಬಂದು ಮುಖ ನೆಕ್ಕಿ ಹೋಗಿ, ಕೊನೆಗೆ ತಿಜಾನಿ ಬಾಗಿಲು ತೆರೆದಾಗ ಕಿವಿಯೋಲೆ ಬಿದ್ದಿದೆ, ಹುಡುಕುತ್ತಿದ್ದೇನೆ ಅಂದಿದ್ದಳು. ಪಾಪ, ಅವನೂ ಮಂಡಿಯೂರಿ ಹುಡುಕಿದ. ಕಿವಿಯಲ್ಲೇ ಇದ್ದ ಓಲೆ ಅವನ ಕಣ್ಣಿಗೆ ಬೀಳಲಿಲ್ಲವೋ, ಬಿದ್ದೂ ಸುಮ್ಮನಿದ್ದನೋ. ಆಮೇಲಾಮೇಲೆ ಪೆಟ್ಟಿಗೆ ಹಿಡಿದು ಏಳುವುದು ಬಂತು. ಆಮೇಲೆ ಪೆಟ್ಟಿಗೆಯನ್ನು ಒಂದೇ ಬೆರಳಿನಲ್ಲಿ ಮುಟ್ಟಿ. ಯಾವುದನ್ನೂ ಮುಟ್ಟದೆ ಎದ್ದದ್ದೂ ಉಂಟು, ಆದರೆ ಪೆಟ್ಟಿಗೆ ಪಕ್ಕದಲ್ಲೇ ಇತ್ತಲ್ಲ, ಅದು ಲೆಕ್ಕಕ್ಕೆ ಬರುತ್ತದೆಯೇ ಎಂಬ ಅನುಮಾನ. ತಾರಸಿಯ ಮೇಲೆ ಪೆಟ್ಟಿಗೆ ಇಲ್ಲ. ಇದ್ದದ್ದು ಆ ಕುರ್ಚಿ.

ಲಲ್ಲಾ ವಸೀಲಾ ಬಂದದ್ದು ಎಲ್ಲರಿಗಿಂತ ಮೊದಲು. ಎಪ್ಪತ್ತು ದಾಟಿದರೂ ಮನೆಯ ಹೆಂಗಸರನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುವವಳು. ಬಂದವಳೇ ಶಾದ್ಲಿಯಾಳ ತೋಳು ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯೋ ದೇವರೇ, ಏನೇ ಇದು ಬಣ್ಣ! ಹೊಲದಲ್ಲಿ ಆಲಿವ್ ಕೀಳೋ ಕೂಲಿಯವಳ ಹಾಗೆ ಆಗಿದ್ದೀಯಲ್ಲೇ! ಬೀಗರು ನೋಡಿದ್ರೆ ಮದುವಣಗಿತ್ತಿ ತಾಯಿ ಯಾರು, ಅಡುಗೆಗೆ ಬಂದವಳು ಯಾರು ಅಂತ ಕೇಳಲ್ವಾ?"

"ಕೇಳಿದ್ರೆ ಇಬ್ಬರೂ ನಾನೇ ಅಂತೀನಿ, ಲಲ್ಲಾ."

"ಬಾಯಿ ಮಾತ್ರ ಚುರುಕಾಗಿದೆ. ಕೂತ್ಕೋ ಕುರ್ಚಿ ಮೇಲೆ. ನೆರಳಲ್ಲಿ ಇಡಿಸಿದ್ದೀನಿ. ಇವತ್ತು ನೀನು ರಾಣಿ, ಕೈ ಆಡಿಸೋ ಹಾಗಿಲ್ಲ. ಮೊದಲನೇ ಹರಿವಾಣಕ್ಕೆ ನಿನ್ನ ಬದಲು ನಾನು ಕೂರ್ತೀನಿ."

ಹೆಂಗಸರು ಬಂದರು, ನೆಜೀಹಾ ಬಂದಳು, ಅವಳ ಬಾಯಿಗೆ ಆಹಾರವಾದ ಸೊಸೆಯೂ ಬಂದಳು. ಕುರಿಚರ್ಮಗಳು ಬಿಚ್ಚಿಕೊಂಡವು. ಶಾದ್ಲಿಯಾ ಕುರ್ಚಿಯಲ್ಲಿ ಕೂತಿದ್ದಳು. ಹೇಗೆ ಕೂತಳೋ ಅವಳಿಗೇ ಗೊತ್ತಿಲ್ಲ, ತೋಳು ಹಿಡಿದು ಕೂರಿಸಿದಾಗ ಕೂತುಬಿಟ್ಟಿದ್ದಳು. ಮೇಲಿನಿಂದ ಎಲ್ಲರ ನೆತ್ತಿ ಕಾಣುತ್ತಿತ್ತು, ಬೈತಲೆಯಲ್ಲಿ ಮದರಂಗಿ ಹಚ್ಚಿದ ಕೂದಲಿನ ಬೇರು ಬೆಳ್ಳಗಾದದ್ದು ಕಾಣುತ್ತಿತ್ತು. ಕೆಳಗಿನ ಕೋಣೆಯಿಂದ ಉಮೈಮಾ ಫೋನಿನಲ್ಲಿ ಯಾರ ಜೊತೆಗೋ ನಗುವ ಸದ್ದು ಬಂತು. ಅವಳು ಎರಡು ವಾರದಿಂದ ಒಳಗಿದ್ದಾಳೆ, ಕಿಟಕಿ ಮುಚ್ಚಿ, ಮುಖಕ್ಕೆ ಜೇಡಿಮಣ್ಣು ಮೆತ್ತಿ, ಮದುವಣಗಿತ್ತಿ ಬಿಸಿಲು ಕಾಣಬಾರದಲ್ಲ. ಮೊದಮೊದಲು ಎಗರಾಡಿದಳು, ಅತ್ತೆ ವಸೀಲಾ ಕಣ್ಣೀರು ಹಾಕಿದ ಮೇಲೆ ಒಪ್ಪಿದಳು. ಶಾದ್ಲಿಯಾಳ ಕಾಲದಲ್ಲಿ ಇನ್ನೂ ಹೆಚ್ಚು ದಿನವಿತ್ತು. ಕತ್ತಲಲ್ಲಿ ಚಾಪೆಯ ಮೇಲೆ ಕೂತು ಕೂತು, ಹೊರಬಂದ ದಿನ ಬೆಳಕಿಗೆ ಕಣ್ಣು ಕತ್ತಲಿಟ್ಟು ಬಾಗಿಲು ಹಿಡಿದುಕೊಂಡಾಗ ಎಲ್ಲರೂ ನಾಚಿಕೆ ಎಂದು ತಿಳಿದು ಉಲ್ಲಾಸದ ಕೂಗು ಹಾಕಿದ್ದರು. ಎಷ್ಟು ಬೆಳ್ಳಗಾಗಿದ್ದಾಳೆ, ಹಾಲು, ಹಾಲು ಎಂದಿದ್ದರು. ಆ ಹಾಲೆಲ್ಲ ಎಲ್ಲಿ ಹೋಯಿತೋ. ನಲವತ್ತು ವರ್ಷ ನೆರಳಲ್ಲಿ ಬೆಳ್ಳಗಿದ್ದು, ಒಳಗೊಳಗೇ ಜಾಳಾಗಿ, ಈಗ ಮತ್ತೆ ನೆರಳು, ಮೇಲೆ ಕಸೂತಿ ದಿಂಬು.

"ಬಿಸ್ಮಿಲ್ಲಾ ಅನ್ನು, ಹರಿವಾಣದ ಅಂಚು ಮುಟ್ಟು," ಲಲ್ಲಾ ವಸೀಲಾ ಅಂದಳು. ಮುಟ್ಟಲಿ ಎಂದು ಇಬ್ಬರು ಹರಿವಾಣವನ್ನು ಕುರ್ಚಿಯ ಎತ್ತರಕ್ಕೆ ಎತ್ತಿ ಹಿಡಿದರು. ಹಾಸಿಗೆ ಹಿಡಿದವರ ಬಾಯಿಗೆ ತಟ್ಟೆ ಹಿಡಿಯುವಂತೆ. ಶಾದ್ಲಿಯಾ ಎರಡು ಬೆರಳು ಮುಟ್ಟಿಸಿದಳು. ಎಲ್ಲರೂ ನಗುತ್ತ ಉಲ್ಲಾಸದ ಕೂಗು ಹಾಕಿದರು. ಹರಿವಾಣ ಕೆಳಗಿಳಿಯಿತು, ಲಲ್ಲಾ ವಸೀಲಾ ಹಿರಿಯ ಕುರಿಚರ್ಮದತ್ತ ನಡೆದಳು, ನೆಜೀಹಾ ಮಾತ್ರ ನಗಲಿಲ್ಲ, ಶಾದ್ಲಿಯಾಳನ್ನೇ ನೋಡುತ್ತಿದ್ದಳು. ಆ ನೋಟ ಸಹಿಸಲಾಗದೆ, ಅದಕ್ಕಿಂತ ಹೆಚ್ಚಾಗಿ ಬೆರಳಿಗೆ ಅಂಟಿದ ರವೆಯ ಹುಡಿ ಸಹಿಸಲಾಗದೆ, ಅವಳು ಎದ್ದಳು. ಎದ್ದದ್ದಕ್ಕೆ ಏನಾದರೂ ಮಾಡಬೇಕಲ್ಲ, ಕುರ್ಚಿಯ ಕೈ ಹಿಡಿದು ಬಿಸಿಲಿಗೆ ಎಳೆದಳು, ದಿಂಬು ತೆಗೆದು ಬದಿಗಿಟ್ಟಳು, ತೊಳೆದು ಹಿಂಡಿಟ್ಟಿದ್ದ ಒದ್ದೆ ಬಟ್ಟೆಯನ್ನು ಅದರ ಬೆನ್ನ ಮೇಲೆ ಹರವಿದಳು. ಕುರ್ಚಿಗೊಂದು ಕೆಲಸವಾಯಿತು.

"ಏನು ಮಾಡ್ತಿದ್ದೀಯೇ?"

"ಬಟ್ಟೆ ಒಣಗಬೇಕಲ್ಲ, ಲಲ್ಲಾ. ಸ್ವಲ್ಪ ಸರಿದುಕೊಳ್ಳಿ, ಅದು ನನ್ನ ಜಾಗ."

"ಶಾದ್ಲಿಯಾ! ಮದುವೆ ಮನೆ ಇದು, ಬಿದ್ದುಗಿದ್ದು ಕೈಕಾಲು ಮುರ್ಕೊಂಡ್ರೆ ಮತ್ತೆ ಮುಂದಕ್ಕೆ ಹಾಕ್ಬೇಕಾ ಮದುವೆ?"

ಆ ಮಾತು ಎಲ್ಲರೆದುರು ಬಿತ್ತು. ಆಡಿದ ಮೇಲೆ ಲಲ್ಲಾ ವಸೀಲಾಳ ಮುಖವೇ ಸಪ್ಪಗಾಯಿತು; ಬಾಯಿ ಜೋರು, ಆದರೆ ಕೆಟ್ಟವಳಲ್ಲ. ಶಾದ್ಲಿಯಾಗೆ ಅಳು ಬರುತ್ತದೆ ಅನ್ನಿಸಿತು, ಬರಲಿಲ್ಲ. ಇಷ್ಟು ದಿನ ತನಗೆ ತಾನೇ ಹೇಳಿಕೊಂಡು ನೊಂದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಅವಳು ಬೆನ್ನು ನೆಟ್ಟಗಿಟ್ಟುಕೊಂಡು ಒಂದು ಮಂಡಿ ಊರಿದಳು, ಇನ್ನೊಂದು ಊರಿದಳು, ಪಕ್ಕಕ್ಕೆ ವಾಲಿ ಕೂತಳು, ಕಾಲು ಚಾಚಿದಳು. ಕೂತದ್ದೇ ಗೊತ್ತಾಗಲಿಲ್ಲ. ಬೆಚ್ಚಗಿನ ಉಣ್ಣೆ ತೊಡೆಗೆ ತಾಗಿತು. "ಕೊಡ್ರೇ ಹರಿವಾಣ," ಅಂದಳು, ನೆಜೀಹಾ ಅದನ್ನು ಅವಳ ಕಾಲುಗಳ ನಡುವೆ ತಳ್ಳಿ, "ನೆಲದ ರಾಣಿ ಬಂದ್ಲು, ಎಲ್ರೂ ಎದ್ದು ನಿಂತ್ಕೊಳ್ರೇ" ಎಂದು ಕೂಗಿದಳು. ಆಗ ನಗು ಹೊರಟಿತು ನೋಡಿ, ಲಲ್ಲಾ ವಸೀಲಾಳೂ ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಮೊದಲ ಹಿಡಿ ರವೆ. ಉಪ್ಪುನೀರು ಚಿಮುಕಿಸಿ ಬಲ ಅಂಗೈಯನ್ನು ಅಗಲ ಮಾಡಿ ಸುತ್ತಿಸಿದಳು. ಒತ್ತಬಾರದು, ಬಿಡಲೂ ಬಾರದು. ಎಡಗೈ ಹರಿವಾಣದ ಅಂಚನ್ನು ಹಿಡಿದು ತಿರುಗಿಸಬೇಕು, ಅದಕ್ಕೂ ಬಲ ಬೇಕು. ಮಣಿಕಟ್ಟು ಒಂದು ಸಲ ಗುರ್ ಎಂದಿತು, ಆಮೇಲೆ ಸುಮ್ಮನಾಯಿತು. ಹುಡಿ ಹುಡಿಯಾಗಿದ್ದದ್ದು ಅಂಗೈ ಕೆಳಗೆ ಕಾಳಾಗತೊಡಗಿತು. ಕಡಲ ಕಡೆಯಿಂದ ಗಾಳಿ, ಬೆನ್ನ ಮೇಲೆ ಬಿಸಿಲು, ಸುತ್ತ ಹತ್ತು ಅಂಗೈಗಳ ಶೂ ಶೂ ಸದ್ದು, ನಡುವೆ ನೆಜೀಹಾ ಮತ್ತು ಸೊಸೆಯ ಜಟಾಪಟಿ. ಶಾದ್ಲಿಯಾ ತೋಳು ಮಡಚಿಕೊಂಡಳು. ಕಂದುಬಣ್ಣದ ಆ ತೋಳು ಹರಿವಾಣದಲ್ಲಿ ಸುತ್ತುವುದನ್ನು ನೋಡಿ ತನ್ನ ತೋಳೇ ತನಗೆ ಚಂದ ಕಂಡಿತು. ಮೊದಲ ಹರಿವಾಣ ಜರಡಿಗೆ ಬಿದ್ದಾಗ ಲಲ್ಲಾ ವಸೀಲಾ ಒಂದು ಚಿಟಿಕೆ ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿದಳು.

"ಕಾಳು ಸಣ್ಣಗಿದೆ," ಅಂದಳು. ಅವಳಿಂದ ಅದಕ್ಕಿಂತ ಹೆಚ್ಚಿನ ಹೊಗಳಿಕೆಯನ್ನು ಯಾರೂ ಕೇಳಿದ್ದಿಲ್ಲ.

ಮೊದಲ ಹರಿವಾಣದ ನಂತರ ಏಳಬಹುದಿತ್ತು. ಅವಳು ಏಳಲಿಲ್ಲ, ಎರಡನೆಯದನ್ನೂ ಎಳೆದುಕೊಂಡಳು. ಖುಷಿಗೆ ಎಂದು ಎಲ್ಲರೂ ತಿಳಿದರು, ಖುಷಿಯೂ ಹೌದು. ಆದರೆ ಏಳುವುದು ಹತ್ತಿರ ಬಂದಷ್ಟೂ ಅದನ್ನು ಮುಂದಕ್ಕೆ ತಳ್ಳುತ್ತಿದ್ದಳು ಎಂಬುದೂ ನಿಜ. ಮಧ್ಯಾಹ್ನವಾಯಿತು, ಕೆಳಗೆ ಮೀನಿನ ಮಡಕೆ ಮುಚ್ಚಳ ತೆಗೆದ ಘಮ ಬಂತು, ಹೆಂಗಸರು ಒಬ್ಬೊಬ್ಬರಾಗಿ ನಡು ಹಿಡಿದುಕೊಂಡು ಏಳುತ್ತ ಅಯ್ಯಮ್ಮಾ ಅಪ್ಪಾ ಎಂದರು. ಕೈ ಕೊಡಲೇ ಎಂದು ನೆಜೀಹಾ ಕೇಳಿದಳು. "ನೀವು ನಡೀರಿ, ಇದೊಂದು ಜರಡಿ ಮುಗಿಸಿ ಬಂದೆ," ಅಂದಳು ಶಾದ್ಲಿಯಾ. ಜರಡಿಯಲ್ಲಿ ಏನೂ ಇರಲಿಲ್ಲ. ನೆಜೀಹಾ ಅದನ್ನು ನೋಡಿದಳು, ಇಳಿದು ಹೋದಳು.

ತಾರಸಿ ಖಾಲಿಯಾಯಿತು. ಬಿಳಿ ಬಟ್ಟೆಗಳ ಮೇಲೆ ಹರವಿದ ಕುಸ್ಕುಸ್, ಬಿಳಿ ನೆಲ, ಬಿಳಿ ಕುರ್ಚಿ. ಕುರ್ಚಿ ಕೈಗೆ ಎಟುಕುವಷ್ಟೇ ದೂರದಲ್ಲಿತ್ತು. ಅವಳು ಅದರತ್ತ ನೋಡಲಿಲ್ಲ. ಕಾಲು ಮಡಚಲು ಹೋದರೆ ಬಲಗಾಲು ಜೋಮು ಹಿಡಿದಿತ್ತು. ಊರಿದ ಮಂಡಿಯ ಕೆಳಗೆ ಕುರಿಚರ್ಮ ಸುಣ್ಣದ ನೆಲದ ಮೇಲೆ ಸರ್ರನೆ ಜಾರಿತು. ಮೀನಿನ ನೀರು, ನಿಂಬೆಹಣ್ಣು, ಒಣಕಡ್ಡಿಯ ಸದ್ದು, ಬೀಗಿತ್ತಿಯ ಪರವಾಗಿಲ್ಲ, ಮತ್ತೆ ಮುಂದಕ್ಕೆ ಹಾಕಬೇಕಾ ಮದುವೆ. ಅವಳು ಹಾಗೆಯೇ ಕೂತು ಉಸಿರು ಬಿಟ್ಟಳು. ಕೂಗಿದರೆ ಎಲ್ಲರೂ ಓಡಿ ಬರುತ್ತಾರೆ. ಬಂದರೆ ಪ್ರೀತಿಯಿಂದ ಎತ್ತಿ, ಪ್ರೀತಿಯಿಂದಲೇ ಆ ಕುರ್ಚಿಯಲ್ಲಿ ಕೂರಿಸುತ್ತಾರೆ, ಆಮೇಲೆ ಬದುಕಿರುವವರೆಗೂ ಅಲ್ಲೇ. ಬೇಡ. ಜೋಮು ಹಿಡಿದ ಕಾಲನ್ನು ತಟ್ಟಿದಳು, ಬಯ್ದಳು. ಕುರಿಚರ್ಮವನ್ನು ಕೆಳಗಿನಿಂದ ಎಳೆದು ದೂರ ಒಗೆದಳು. ಬರಿ ನೆಲ ಬಿಸಿಯಾಗಿತ್ತು, ಜಾರುತ್ತಿರಲಿಲ್ಲ. ಪಕ್ಕಕ್ಕೆ ವಾಲಿ ಎರಡೂ ಅಂಗೈ ಊರಿದಳು, ಎಡಗೈಯನ್ನೂ. ಮಂಡಿಯ ಮೇಲೆ ಬಂದಳು. ಅಲ್ಲಿ, ಆ ಭಂಗಿಯಲ್ಲಿ, ನೆಲ ಇಷ್ಟು ಹತ್ತಿರ ಇದ್ದದ್ದನ್ನು ಕಂಡು ಒಂದು ಗಳಿಗೆ ನಿಂತಳು; ಬೆನ್ನು ಗೂನಾಗದ ಹಾಗೆ ಸೊಂಟದಿಂದ ಬಗ್ಗಿದಳು, ಹಣೆ ಸುಣ್ಣಕ್ಕೆ ತಾಗಿತು. ಅದು ನಮಾಜಿನ ಹೊತ್ತಲ್ಲ, ಏನೂ ಹೇಳಿಕೊಳ್ಳಲೂ ಇಲ್ಲ. ಆಮೇಲೆ ಒಂದು ಪಾದ ಮುಂದಿಟ್ಟು, ತೊಡೆಯ ಮೇಲೆ ಕೈಯೂರಿ, ಹೂಂ ಎಂದು ಎದ್ದಳು.

ನಿಂತಿದ್ದಳು. ಒಂದು ಕಡೆ ಕೋಟೆ, ಮೂರು ಕಡೆ ಕಡಲು. ಕುರ್ಚಿಯನ್ನು ಮುಟ್ಟಿರಲಿಲ್ಲ. ಹೊಟ್ಟೆಯೊಳಗಿನಿಂದ ನಗು ಉಕ್ಕಿ ಬಂತು. ಅದರ ಬೆನ್ನಿಗೇ, ಥತ್, ಯಾರೂ ನೋಡಲಿಲ್ಲವಲ್ಲ, ಅನ್ನಿಸಿತು. ಯಾರೂ ನೋಡಬಾರದೆಂದು ಹಸಿವು ಕಟ್ಟಿ ಕೂತವಳು ತಾನೇ ಅಲ್ಲವೇ. ಆದರೂ ಒಬ್ಬರಾದರೂ ನೋಡಬೇಕಿತ್ತು.

"ಅಮ್ಮಾ, ಶ್! ನಾನು."

ಮೆಟ್ಟಿಲ ಬಾಗಿಲಲ್ಲಿ ಉಮೈಮಾ, ಒಂದು ಕೆನ್ನೆಯ ಮೇಲೆ ಒಣಗಿದ ಜೇಡಿಮಣ್ಣು, ಕಣ್ಣು ಕಿರಿದು ಮಾಡಿಕೊಂಡು.

"ನೀನ್ಯಾಕೆ ಬಂದೆ? ಅತ್ತೆ ನೋಡಿದ್ರೆ ನನ್ನ ಚರ್ಮ ಸುಲೀತಾರೆ!"

"ಎಲ್ಲಾ ಊಟಕ್ಕೆ ಕೂತಿದ್ದಾರೆ. ಅತ್ತೆ ಮುಳ್ಳು ತೆಗೀತಾ ಕೂತಿದ್ದಾರೆ, ಕರಗಿದೆ ಅಂದ್ರೂ ನಂಬಲ್ಲ. ಒಂದೇ ಒಂದು ಗಳಿಗೆಯಮ್ಮಾ, ಆ ಕತ್ತಲಲ್ಲಿ ನಂಗೆ ಬೂಷ್ಟು ಹಿಡೀತಿದೆ." ಅವಳು ತಾಯಿ ಒಗೆದಿದ್ದ ಕುರಿಚರ್ಮದ ಮೇಲೆ ಧೊಪ್ಪನೆ ಕೂತು, ಕಾಲು ಮಡಚಿ ಹಾಕಿ, ಅಂಗಿಯ ತೋಳನ್ನು ಭುಜದವರೆಗೆ ಏರಿಸಿ, ಮುಖವನ್ನು ಬಿಸಿಲಿಗೆ ಎತ್ತಿದಳು. ತೋಳು ಬೆಳ್ಳಗಿತ್ತು. ಬಿಳಿಚಿ, ನೀಲಿ ನರ. ಶಾದ್ಲಿಯಾ ನೋಡಿದಳು, ಒಳಗೆ ಹೋಗು ಎನ್ನಲು ಬಾಯಿ ತೆರೆದು ಹಾಗೆಯೇ ಮುಚ್ಚಿಕೊಂಡಳು. ಬದಲಿಗೆ, ಸೆರಗಿನ ತುದಿಯನ್ನು ಉಪ್ಪುನೀರಿಗೆ ಅದ್ದಿ ಮಗಳ ಕೆನ್ನೆಯ ಮಣ್ಣನ್ನು ಒರೆಸಿದಳು.

"ಇನ್ನೊಂದು ಕೈಯೂ ಮಡಚ್ಕೋ," ಅಂದಳು.

ಉಮೈಮಾ ಕಣ್ಣು ಮುಚ್ಚಿಕೊಂಡೇ ಹರವಿದ್ದ ಕುಸ್ಕುಸ್‌ನಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಗಂಡಿನ ಬಗ್ಗೆ ಏನೋ ಹೇಳಿದಳು, ಸ್ಫಾಕ್ಸ್ ಪಟ್ಟಣದಲ್ಲಿ ಬಾಡಿಗೆಗೆ ಹಿಡಿದಿರುವ ಮನೆಗೆ ತಾರಸಿ ಇದೆಯಂತೆ, ಆದರೆ ಪಕ್ಕದವರು ಅಲ್ಲಿ ಕೋಳಿ ಸಾಕಿದ್ದಾರಂತೆ. ಕೋಳಿ ಇದ್ದರೇನು, ಕೋಳಿಗೂ ಬಿಸಿಲು ಬೇಕು, ಅಂದಳು ಶಾದ್ಲಿಯಾ. ಮಗಳು ನಕ್ಕಳು. ಮೊದಲ ಹರಿವಾಣ ಯಾರದು ಎಂದು ಅವಳು ಕೇಳಲಿಲ್ಲ, ತಾಯಿ ನೆಲಕ್ಕೆ ಕೂತಿದ್ದಳೇ, ಎದ್ದದ್ದು ಹೇಗೆ, ಅದನ್ನೂ ಕೇಳಲಿಲ್ಲ. ಹೇಳಿಬಿಡಲೇ ಎಂದು ಶಾದ್ಲಿಯಾಳ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ಲಲ್ಲಾ ವಸೀಲಾಳ ದನಿ ಮೆಟ್ಟಿಲು ಹತ್ತತೊಡಗಿತು.

"ಶಾದ್ಲಿಯಾ! ಮೀನು ಆರಿ ಹೋಯ್ತು! ಏನೇ ಮಾಡ್ತಿದ್ದೀಯ ಒಬ್ಬಳೇ? ನಾನೇ ಬರ್ಲಾ ಎತ್ತಕ್ಕೆ?"

"ಅಯ್ಯಯ್ಯೋ!" ಉಮೈಮಾ ಏಳಲು ಹೋಗಿ ಮುಗ್ಗರಿಸಿದಳು. ಎರಡು ವಾರ ಕೂತೇ ಇದ್ದ ಕಾಲು. "ಜೋಮು, ಜೋಮು! ಅಮ್ಮಾ, ಎಬ್ಬಿಸು ಬೇಗ!" ಎಂದು ಬಾಗಿಲ ಕಡೆಯೇ ನೋಡುತ್ತ ಕೈ ಮೇಲಕ್ಕೆ ಚಾಚಿ, ಸಿಕ್ಕಿದ್ದನ್ನು ಹಿಡಿದುಕೊಂಡಳು. ಅದು ಎಡ ಮಣಿಕಟ್ಟು. ಚಳಿಗಾಲದಿಂದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹಿಡಿಯದ ಮಣಿಕಟ್ಟು. ಮೆಟ್ಟಿಲಿಳಿಯುವಾಗ ಉಮೈಮಾ ಕೂಡ ಮೊಣಕೈ ಹಿಡಿಯುತ್ತಿದ್ದಳು, ಮುಟ್ಟಿದರೆ ಎಲ್ಲಿ ನೊಂದೀತೋ ಎಂಬಂತೆ ಹಿಡಿಯುತ್ತಿದ್ದಳು. ಈಗ ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ, ಪೂರಾ ಮೈಭಾರ ಹಾಕಿ ಹಿಡಿದಿದ್ದಳು. ಅದು ಮುರಿದ ಕೈ ಎಂಬುದು ಅವಳಿಗೆ ನೆನಪೇ ಇರಲಿಲ್ಲ.

ಶಾದ್ಲಿಯಾ ಪಾದ ಊರಿ, ಬೆನ್ನು ನೆಟ್ಟಗೆ ಮಾಡಿ, ಮಗಳನ್ನು ಎಳೆದು ನಿಲ್ಲಿಸಿದಳು.

"ಬೇಡ ಲಲ್ಲಾ," ಎಂದು ಮೆಟ್ಟಿಲ ಕಡೆಗೆ ಕೂಗಿದಳು, "ಇಬ್ಬರೂ ಎದ್ವಿ!"